ಮಾಂಟೆನೆಗ್ರೊ ಪ್ರವಾಸ: ಹೊರಡುವ ಮೊದಲು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಮಾಂಟೆನೆಗ್ರೊಗೆ ಎರಡು ಸಲ ಹೋಗಿ ಬಂದಿದ್ದೇವೆ. ಮೊದಲ ಸಲ ನಾವಿಬ್ಬರೇ, ಎರಡನೇ ಸಲ ಅಪ್ಪ ಅಮ್ಮನ ಜೊತೆ. ಅಲ್ಲಿಂದ ಬಂದಾಗಿನಿಂದ ನೆಂಟರು, ಗೆಳೆಯರು, ಅವರ ಗೆಳೆಯರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಈ ದೇಶ ಎಲ್ಲಿದೆ? ನಿಜಕ್ಕೂ ಅಷ್ಟು ಚಿಕ್ಕದಾ?

ಏಡ್ರಿಯಾಟಿಕ್ ಸಮುದ್ರದ ಆ ಕಡೆ ಇಟಲಿ, ಈ ಕಡೆ ಮಾಂಟೆನೆಗ್ರೊ. ಸುತ್ತ ಕ್ರೊಯೇಷಿಯಾ, ಬೋಸ್ನಿಯಾ, ಸರ್ಬಿಯಾ, ಕೊಸೊವೊ, ಅಲ್ಬೇನಿಯಾ ಇವೆ. ಇಡೀ ದೇಶ ಸುಮಾರು 13,800 ಚದರ ಕಿ.ಮೀ. ನಮ್ಮ ಬೆಳಗಾವಿ ಜಿಲ್ಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. 2023ರ ಜನಗಣತಿಯ ಪ್ರಕಾರ ಜನಸಂಖ್ಯೆ ಆರೂಕಾಲು ಲಕ್ಷದ ಆಸುಪಾಸು. ಮೈಸೂರು ನಗರದಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ.

2006ರಲ್ಲಿ ಸರ್ಬಿಯಾದಿಂದ ಬೇರೆಯಾಗಿ ಸ್ವತಂತ್ರ ದೇಶವಾಯಿತು. ಅದಕ್ಕಾಗಿ ಜನರಿಂದ ಓಟು ಹಾಕಿಸಿದ್ದರು. ಶೇ 55ರಷ್ಟು ಮತ ಬರಬೇಕಿತ್ತು, ಬಂದದ್ದು ಶೇ 55.5. ಅಲ್ಲಿನ ಹಿರಿಯರ ಜೊತೆ ಮಾತಿಗೆ ಕೂತರೆ ಈ ಅರ್ಧ ಪರ್ಸೆಂಟ್ ಕಥೆ ಬಂದೇ ಬರುತ್ತದೆ.

ಅವರ ಭಾಷೆಯಲ್ಲಿ ದೇಶದ ಹೆಸರು 'ತ್ಸ್ರ್ನಾ ಗೋರಾ'. ಕನ್ನಡದಲ್ಲಿ ಹೇಳುವುದಾದರೆ ಕರಿಬೆಟ್ಟ. ಕೆಳಗೆ ಕಡಲು, ಬೆನ್ನಿಗೇ ಘಟ್ಟ. ಉತ್ತರ ಕನ್ನಡ ಕಂಡವರಿಗೆ ಈ ನೆಲದ ರೀತಿ ಬೇಗ ಅರ್ಥವಾಗುತ್ತದೆ. ಆದರೆ ಇಲ್ಲಿ ಘಟ್ಟ ಏರುವುದು ಕಡಲ ನೀರಿನ ಅಂಚಿನಿಂದಲೇ. ಕೋಟರ್ ಊರಿನ ಹಿಂದೆ ನಿಂತಿರುವ ಲೋವ್‌ಚೆನ್ ಬೆಟ್ಟದ ಎತ್ತರ 1,749 ಮೀಟರ್.

ಎಷ್ಟು ದಿನ ಬೇಕು? ನಾಲ್ಕು ದಿನದಲ್ಲಿ ಮುಗಿಸಬಹುದಾ?

ಎಲ್ಲರೂ ಎಡವುವುದು ಇಲ್ಲೇ. ಮ್ಯಾಪಿನಲ್ಲಿ ಎಲ್ಲವೂ ಅಂಗೈಯಲ್ಲಿ ಇದ್ದ ಹಾಗೆ ಕಾಣುತ್ತದೆ. ಕೋಟರ್‌ನಿಂದ ಬುಡ್ವಾ 23 ಕಿ.ಮೀ. ಆಗಸ್ಟ್ ತಿಂಗಳಿನ ಸಂಜೆ ಅಷ್ಟು ದೂರಕ್ಕೇ ಒಂದು ಗಂಟೆಗಿಂತ ಜಾಸ್ತಿ ಹಿಡಿಯಬಹುದು. ಕೋಟರ್‌ನಿಂದ ಬೆಟ್ಟದ ಮೇಲಿನ ಝಬ್ಲ್ಯಾಕ್‌ಗೆ 170 ಕಿ.ಮೀ ಒಳಗೇ ಇದೆ, ಆದರೆ ಮೂರು ಗಂಟೆಯ ದಾರಿ. ಮಧ್ಯೆ ಕಾಫಿಗೆ, ಫೋಟೋಗೆ ನಿಲ್ಲಿಸಿದರೆ ನಾಲ್ಕು. ಹಾಗಾಗಿ ಇಲ್ಲಿ ಕಿಲೋಮೀಟರ್ ಲೆಕ್ಕ ಬಿಟ್ಟುಬಿಡಿ, ಗಂಟೆ ಲೆಕ್ಕ ಹಿಡಿಯಿರಿ.

ಮೊದಲ ಸಲ ನಾವು ಆರು ರಾತ್ರಿಗೆ ಐದು ಕಡೆ ರೂಮ್ ಬುಕ್ ಮಾಡಿದ್ದೆವು. ಚಿಕ್ಕ ದೇಶ, ಸುತ್ತಿಬಿಡೋಣ ಅಂತ. ಬೆಳಿಗ್ಗೆ ಪೆಟ್ಟಿಗೆ ಕಟ್ಟು, ಹೊಸ ಊರಿನಲ್ಲಿ ಪಾರ್ಕಿಂಗ್ ಹುಡುಕು, ಕೀಲಿಗೆ ಕಾಯಿ. ಊರು ನೋಡುವ ಹೊತ್ತಿಗೆ ಸಂಜೆ ಆಗಿರುತ್ತಿತ್ತು. ಎರಡನೇ ಸಲ ಎಂಟು ರಾತ್ರಿಗೆ ಎರಡೇ ಮನೆ. ಕೋಟರ್ ಕೊಲ್ಲಿಯಲ್ಲಿ ಐದು ರಾತ್ರಿ, ಝಬ್ಲ್ಯಾಕ್‌ನಲ್ಲಿ ಮೂರು. ನೋಡಿದ ಜಾಗಗಳು ಕಮ್ಮಿ, ನೆನಪಿನಲ್ಲಿ ಉಳಿದದ್ದು ಜಾಸ್ತಿ.

ನನ್ನ ಸಲಹೆ ಇಷ್ಟೇ: ಕಡಲಿಗೊಂದು ಮನೆ, ಬೆಟ್ಟಕ್ಕೊಂದು ಮನೆ. ಏಳೆಂಟು ರಾತ್ರಿ ಇದ್ದರೆ ಆರಾಮ. ನಾಲ್ಕೇ ದಿನ ಇದ್ದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ, ಇನ್ನೊಂದನ್ನು ಮುಂದಿನ ಸಲಕ್ಕೆ ಇಡಿ.

ಯಾವ ತಿಂಗಳು ಒಳ್ಳೆಯದು?

ಜೂನ್ ಮತ್ತು ಸೆಪ್ಟೆಂಬರ್. ಸೆಪ್ಟೆಂಬರ್‌ನಲ್ಲಿ ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ, ಜನ ಕರಗಿರುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಕರಾವಳಿ ಕಿಕ್ಕಿರಿದಿರುತ್ತದೆ, ರೂಮ್ ಬಾಡಿಗೆಯೂ ಏರಿರುತ್ತದೆ. ಮಕ್ಕಳ ಬೇಸಿಗೆ ರಜೆ ಅಂತ ಏಪ್ರಿಲ್‌ನಲ್ಲಿ ಹೋಗುವವರು ಗಮನಿಸಿ: ಕೆಳಗೆ ಹಿತವಾದ ಬಿಸಿಲು ಇರಬಹುದು, ಆದರೆ ಝಬ್ಲ್ಯಾಕ್ ಸುತ್ತ ಹಿಮ ಇರುತ್ತದೆ. ದುರ್ಮಿಟೋರ್ ಬೆಟ್ಟಗಳ ನಡುವಿನ ಸೆಡ್ಲೊ ಕಣಿವೆ ದಾರಿ 1,907 ಮೀಟರ್ ಎತ್ತರದಲ್ಲಿದೆ. ಹಿಮ ಕರಗುವ ತನಕ ಅದು ಮುಚ್ಚಿರುತ್ತದೆ.

ಮಳೆಯ ಬಗ್ಗೆ ಒಂದು ಮಾತು. ನಮ್ಮ ಹಾಗೆ ಇಲ್ಲಿ ಜೂನ್‌ನಲ್ಲಿ ಮಳೆಗಾಲ ಇಲ್ಲ. ಅವರ ಜೋರು ಮಳೆ ನವೆಂಬರ್ ಆಸುಪಾಸಿಗೆ. ಕೊಲ್ಲಿಯ ಮೇಲಿರುವ ತ್ಸ್ರ್ಕ್‌ವಿತ್ಸೆ ಎಂಬ ಹಳ್ಳಿ ಯುರೋಪಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗ. ವರ್ಷಕ್ಕೆ 4,500 ಮಿ.ಮೀಗೂ ಜಾಸ್ತಿ. ಆಗುಂಬೆಯವರಿಗೆ ಇದು ದೊಡ್ಡದು ಅನ್ನಿಸಲಿಕ್ಕಿಲ್ಲ, ಆದರೆ ಯುರೋಪಿಗೆ ಅದು ಭಾರೀ ಮಳೆ.

ವೀಸಾ ಕಥೆ ಏನು?

ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಬೇಕು. ಆದರೆ ಪಾಸ್‌ಪೋರ್ಟ್‌ನಲ್ಲಿ ಚಾಲ್ತಿಯಲ್ಲಿರುವ ಶೆಂಗನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ), ಅಮೆರಿಕ ಅಥವಾ ಬ್ರಿಟನ್ ವೀಸಾ ಇದ್ದರೆ, ಅದೇ ವೀಸಾದ ಮೇಲೆ 30 ದಿನದವರೆಗೆ ಇರಬಹುದು. ನಮ್ಮ ಕಡೆಯಿಂದ ಹೋಗುವ ಬಹುಪಾಲು ಜನ ಹೋಗುವುದು ಹೀಗೆಯೇ. ನಿಯಮ ಬದಲಾಗುತ್ತಿರುತ್ತದೆ. ಟಿಕೆಟ್ ಮಾಡುವ ಮುಂಚೆ ಮಾಂಟೆನೆಗ್ರೊ ವಿದೇಶಾಂಗ ಇಲಾಖೆಯ ಪುಟವನ್ನು ಒಮ್ಮೆ ನೋಡಿಕೊಳ್ಳಿ.

ಇನ್ನೊಂದು ವಿಷಯ, ದಯವಿಟ್ಟು ಎರಡು ಸಲ ಓದಿ. ಮಾಂಟೆನೆಗ್ರೊ ಶೆಂಗನ್ ಒಳಗಿಲ್ಲ. ಪಕ್ಕದ ಕ್ರೊಯೇಷಿಯಾ 2023ರ ಜನವರಿಯಿಂದ ಶೆಂಗನ್ ಒಳಗಿದೆ. ನಿಮ್ಮದು ಸಿಂಗಲ್ ಎಂಟ್ರಿ ವೀಸಾ ಆಗಿದ್ದು, ಕ್ರೊಯೇಷಿಯಾದ ಡುಬ್ರೊವ್ನಿಕ್ ಊರಿನಿಂದ ಗಡಿ ದಾಟಿ ಕೋಟರ್‌ಗೆ ಬಂದಿರಿ ಅಂದುಕೊಳ್ಳಿ. ವಾಪಸ್ ಡುಬ್ರೊವ್ನಿಕ್‌ಗೆ ಹೋಗಿ ವಿಮಾನ ಹತ್ತಲು ಆಗುವುದಿಲ್ಲ! ಆ ಎಂಟ್ರಿ ಮುಗಿದುಹೋಗಿರುತ್ತದೆ. ಡುಬ್ರೊವ್ನಿಕ್‌ನಿಂದ ಒಂದು ದಿನದ ಬಸ್ ಟೂರ್‌ಗೆ ಬರುವವರಿಗೂ ಇದೇ ಮಾತು. ಮಲ್ಟಿಪಲ್ ಎಂಟ್ರಿ ಇದ್ದರೆ ಮಾತ್ರ ಈ ಕಡೆ ಬಂದು ಆ ಕಡೆ ಹೋಗುವ ಪ್ಲಾನ್ ಮಾಡಿ.

ಬೆಂಗಳೂರಿನಿಂದ ಹೋಗುವುದು ಹೇಗೆ?

ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸಿ ರಾಜಧಾನಿ ಪೊಡ್ಗೊರಿಟ್ಸಾಗೆ ಹೋಗುವುದು ಸುಲಭದ ದಾರಿ. ಕರಾವಳಿಯ ತಿವಾತ್‌ನಲ್ಲೂ ಏರ್‌ಪೋರ್ಟ್ ಇದೆ, ಕೋಟರ್‌ಗೆ ಅಲ್ಲಿಂದ ಹತ್ತು ಕಿ.ಮೀ ಒಳಗೆ. ತಿವಾತ್‌ಗೆ ಬೇಸಿಗೆಯಲ್ಲಿ ವಿಮಾನ ಹೆಚ್ಚು, ಚಳಿಗಾಲದಲ್ಲಿ ಕಮ್ಮಿ.

ಕಾರು ಬಾಡಿಗೆಗೆ ತಗೊಳ್ಳಬೇಕಾ? ಬಸ್ಸು ಸಾಕಾ?

ಕರಾವಳಿಗೆ ಮಾತ್ರ ಅಂದರೆ ಬಸ್ಸು ಸಾಕು. ಹೆರ್ಸೆಗ್ ನೋವಿ, ಕೋಟರ್, ಬುಡ್ವಾ, ಬಾರ್, ಉಲ್ಟ್ಸಿನ್ ನಡುವೆ ಬಸ್ಸು ಓಡಾಡುತ್ತಿರುತ್ತವೆ. ಬೆಟ್ಟಕ್ಕೆ ಹೋಗುವುದಾದರೆ ಕಾರು ಇದ್ದರೆ ಬಹಳ ಅನುಕೂಲ.

ಅಲ್ಲಿ ಓಡಿಸುವುದು ರಸ್ತೆಯ ಬಲಕ್ಕೆ, ಸ್ಟೇರಿಂಗ್ ಎಡಕ್ಕೆ. ಹಗಲಲ್ಲೂ ಹೆಡ್‌ಲೈಟ್ ಹಾಕಿರಲೇಬೇಕು, ಅದು ಕಾನೂನು. ನಮ್ಮ ಆರ್‌ಟಿಒದಲ್ಲಿ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಒಂದು ವರ್ಷ ನಡೆಯುತ್ತದೆ. ಊರಿನ ಲೈಸೆನ್ಸ್ ಕೂಡ ಜೊತೆಗಿರಲಿ.

ಕೋಟರ್‌ನಿಂದ ನ್ಯೆಗುಶಿ ಹಳ್ಳಿಗೆ ಏರುವ ಹಳೆಯ ರಸ್ತೆಯ ಬಗ್ಗೆ ತುಂಬಾ ಜನ ಕೇಳುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಆಗುಂಬೆ ಘಾಟಿಯಲ್ಲಿ 14 ತಿರುವು, ಇಲ್ಲಿ 25. ರಸ್ತೆ ಹಾಳಾಗಿಲ್ಲ, ಆದರೆ ಕಿರಿದು. ಎದುರಿಗೆ ಟೂರಿಸ್ಟ್ ಬಸ್ಸು ಬಂದರೆ ಒಬ್ಬರು ಹಿಂದಕ್ಕೆ ಸರಿಯಲೇಬೇಕು. ಮೊದಲ ಸಲ ನಾವು ಹನ್ನೊಂದು ಗಂಟೆಗೆ ಹೋಗಿ ಒಂದು ತಿರುವಿನಲ್ಲಿ ಇಪ್ಪತ್ತು ನಿಮಿಷ ನಿಂತೆವು. ಎರಡನೇ ಸಲ ಏಳು ಗಂಟೆಗೇ ಹೊರಟೆವು. ಇಡೀ ಘಾಟಿಯಲ್ಲಿ ನಾವೊಬ್ಬರೇ. ಪ್ರತಿ ತಿರುವಿಗೂ ಕೆಳಗಿನ ಕೊಲ್ಲಿ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಾ, ಕೊನೆಗೆ ತಿವಾತ್‌ನ ರನ್‌ವೇ ಕೂಡ ಕಾಣಿಸಿತು. ಘಟ್ಟದಲ್ಲಿ ಓಡಿಸಿ ರೂಢಿ ಇಲ್ಲದವರು ಕೇಬಲ್ ಕಾರ್ ಹಿಡಿಯಿರಿ. 2023ರಲ್ಲಿ ಶುರುವಾಗಿದೆ, ಹನ್ನೊಂದು ನಿಮಿಷದಲ್ಲಿ ಮೇಲೆ.

ರೈಲು ಇದೆಯಾ?

ಇದೆ, ಮತ್ತು ಅದಕ್ಕಾಗಿಯೇ ಒಂದು ದಿನ ತೆಗೆದಿಡಬಹುದು. ಬಾರ್ ಬಂದರಿನಿಂದ ಸರ್ಬಿಯಾದ ಬೆಲ್‌ಗ್ರೇಡ್ ತನಕ 476 ಕಿ.ಮೀ, 254 ಸುರಂಗ. 1976ರಲ್ಲಿ ಶುರುವಾದ ದಾರಿ. ಸಕಲೇಶಪುರ–ಸುಬ್ರಹ್ಮಣ್ಯ ರೈಲಿನಲ್ಲಿ ಕಿಟಕಿ ಬಿಟ್ಟು ಏಳದವರಿಗೆ ಇದು ಖಂಡಿತ ಹಿಡಿಸುತ್ತದೆ.

ಬೆಲ್‌ಗ್ರೇಡ್ ತನಕ ಹೋಗಬೇಕಾಗಿಲ್ಲ. ಪೊಡ್ಗೊರಿಟ್ಸಾದಲ್ಲಿ ಹತ್ತಿ ಕೊಲಾಶಿನ್‌ನಲ್ಲಿ ಇಳಿಯಿರಿ. ಒಂದೂವರೆ ಗಂಟೆಯಲ್ಲಿ ಸುಮಾರು ಸಾವಿರ ಮೀಟರ್ ಏರುತ್ತೀರಿ. ದಾರಿಯಲ್ಲಿ ಮಾಲಾ ರಿಯೆಕಾ ಸೇತುವೆ ಸಿಗುತ್ತದೆ. ಕೆಳಗಿನ ಹೊಳೆಯಿಂದ ಸುಮಾರು 200 ಮೀಟರ್ ಎತ್ತರ. 2001ರಲ್ಲಿ ಚೀನಾದವರು ಇನ್ನೂ ಎತ್ತರದ್ದು ಕಟ್ಟುವ ತನಕ ಜಗತ್ತಿನ ಅತಿ ಎತ್ತರದ ರೈಲು ಸೇತುವೆ ಇದೇ ಆಗಿತ್ತು. ಸುರಂಗದಿಂದ ಹೊರಬರುತ್ತಲೇ ಕಾಲ ಕೆಳಗೆ ನೆಲವೇ ಇಲ್ಲದ ಹಾಗಾಗುತ್ತದೆ. ಅಮ್ಮ ನನ್ನ ಮೊಣಕೈ ಹಿಡಿದವರು ಆ ಕಡೆ ತಲುಪುವ ತನಕ ಬಿಡಲಿಲ್ಲ. ರೈಲು ಹಳೆಯದು, ತಡವಾಗುವುದೂ ಉಂಟು. ಅದೇ ದಿನ ವಿಮಾನ ಇಟ್ಟುಕೊಳ್ಳಬೇಡಿ.

ಕೋಟರ್‌ನಲ್ಲಿ ನೋಡುವುದೇನು?

ಕೋಟೆಯೊಳಗಿನ ಹಳೇ ಊರು. ನಾಲ್ಕು ಶತಮಾನ ವೆನಿಸ್‌ನವರ ಕೈಲಿತ್ತು. 1979ರ ಏಪ್ರಿಲ್‌ನ ಭೂಕಂಪದಲ್ಲಿ ತುಂಬಾ ಹಾಳಾಯಿತು, ಅದೇ ವರ್ಷ ಯುನೆಸ್ಕೊ ಪಟ್ಟಿಗೆ ಸೇರಿತು, ಕಲ್ಲು ಕಲ್ಲು ಜೋಡಿಸಿ ಮತ್ತೆ ಕಟ್ಟಿದರು. ಕೋಟೆ ಗೋಡೆ ಊರಿನ ಹಿಂದಿನ ಬೆಟ್ಟ ಹತ್ತಿ ಇಳಿಯುತ್ತದೆ, ಒಟ್ಟು ನಾಲ್ಕೂವರೆ ಕಿ.ಮೀ. ಮೇಲಿನ ಕೋಟೆಗೆ ಸುಮಾರು 1,350 ಮೆಟ್ಟಿಲು. ಚಾಮುಂಡಿ ಬೆಟ್ಟಕ್ಕಿಂತ ಮುನ್ನೂರೈವತ್ತು ಜಾಸ್ತಿ ಅಂತಿಟ್ಟುಕೊಳ್ಳಿ. ಮರದ ನೆರಳು ಇಲ್ಲ. ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ ಹತ್ತಿ, ಕುಡಿಯುವ ನೀರು ಕೆಳಗಿನಿಂದಲೇ ತಗೊಂಡು ಹೋಗಿ. ದೊಡ್ಡ ಕ್ರೂಸ್ ಹಡಗು ಬಂದ ದಿನ ಹತ್ತು ಗಂಟೆಯ ನಂತರ ಗಲ್ಲಿಗಳಲ್ಲಿ ನಡೆಯಲೂ ಜಾಗ ಇರುವುದಿಲ್ಲ.

ನನಗೆ ಕೋಟರ್‌ಗಿಂತ ಹತ್ತಿರವಾದದ್ದು ಹನ್ನೆರಡು ಕಿ.ಮೀ ಆಚೆಯ ಪೆರಾಸ್ಟ್. ಒಂದೇ ಬೀದಿಯ ಊರು. ಎದುರಿಗೆ ನೀರಿನ ನಡುವೆ ಎರಡು ಪುಟ್ಟ ದ್ವೀಪ. ಒಂದು ತಾನಾಗೇ ಆದದ್ದು. ಇನ್ನೊಂದು ಜನ ಕಲ್ಲು ಹಾಕಿ ಹಾಕಿ ಮಾಡಿದ್ದು. 1452ರ ಜುಲೈ 22ರಂದು ಮೀನುಗಾರರಿಗೆ ಅಲ್ಲಿನ ಬಂಡೆಯ ಮೇಲೆ ಮೇರಿಯ ಚಿತ್ರ ಸಿಕ್ಕಿತು, ಅಂದಿನಿಂದ ಸಮುದ್ರದಿಂದ ಸುಖವಾಗಿ ಮರಳಿದವರೆಲ್ಲ ಅಲ್ಲಿಗೆ ಒಂದೊಂದು ಕಲ್ಲು ಹಾಕುತ್ತಾ ಬಂದರು ಎನ್ನುವುದು ಕಥೆ. ಇವತ್ತಿಗೂ ಪ್ರತಿ ವರ್ಷ ಅದೇ ದಿನ ಸಂಜೆ ದೋಣಿಗಳನ್ನು ಒಂದಕ್ಕೊಂದು ಕಟ್ಟಿಕೊಂಡು ಹೋಗಿ ಕಲ್ಲು ಹಾಕಿ ಬರುತ್ತಾರೆ.

ಆ ದ್ವೀಪದ ಚರ್ಚಿನಲ್ಲಿ ಗೋಡೆಗೆ ಬೆಳ್ಳಿಯ ಹರಕೆ ಫಲಕಗಳನ್ನು ಸಾಲಾಗಿ ಹೊಡೆದಿದ್ದಾರೆ, ಒಂದೊಂದರ ಮೇಲೂ ಒಂದು ಹಡಗು. ಪಕ್ಕದ ಕೋಣೆಯಲ್ಲಿ ಒಂದು ಕಸೂತಿ ಇದೆ. ಅದನ್ನು ತಪ್ಪಿಸಬೇಡಿ. ಪೆರಾಸ್ಟ್‌ನ ಯಾಸಿಂಟಾ ಎಂಬ ಹೆಣ್ಣುಮಗಳು ಸಮುದ್ರಕ್ಕೆ ಹೋದ ತನ್ನವನಿಗೆ ಕಾಯುತ್ತಾ 25 ವರ್ಷ ಹೊಲಿದದ್ದಂತೆ. ಚಿನ್ನ, ಬೆಳ್ಳಿಯ ದಾರದ ಜೊತೆ ತನ್ನ ತಲೆಗೂದಲನ್ನೂ ಸೇರಿಸಿದ್ದಾಳೆ. ಅಂಚಿನ ಪುಟಾಣಿ ದೇವದೂತರ ತಲೆಗಳನ್ನು ಹತ್ತಿರದಿಂದ ನೋಡಿ. ಕೆಲವರ ಕೂದಲು ಕಂದು, ಕೆಲವರದು ನರೆತದ್ದು. ಅಮ್ಮ ಅಲ್ಲಿಂದ ಬೇಗ ಕದಲಲಿಲ್ಲ. ಹೊಲಿಗೆ ಗೊತ್ತಿರುವವರು ನೋಡುವ ರೀತಿಯೇ ಬೇರೆ.

ಬೀಚಿನಲ್ಲಿ ಮರಳು ಇರುತ್ತದಾ?

ಹೆಚ್ಚಿನ ಕಡೆ ಬೆಣಚುಕಲ್ಲು, ಇಲ್ಲವೇ ಸಿಮೆಂಟ್ ಕಟ್ಟೆ. ಮುರುಡೇಶ್ವರ, ಮಲ್ಪೆಯ ಮರಳು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಬೇಜಾರಾಗುತ್ತದೆ. ನೀರು ಮಾತ್ರ ತಳ ಕಾಣುವಷ್ಟು ತಿಳಿ. ನೀರಿಗೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿ ತಗೊಂಡು ಹೋಗಿ. ಮಕ್ಕಳಿಗೆ ಮರಳೇ ಬೇಕು ಅಂದರೆ ದಕ್ಷಿಣದ ತುದಿಯ ಉಲ್ಟ್ಸಿನ್‌ಗೆ ಹೋಗಿ. ಅಲ್ಲಿ 12 ಕಿ.ಮೀ ಉದ್ದದ ಮರಳ ದಂಡೆ ಇದೆ, ನೀರೂ ಆಳವಿಲ್ಲ. ಆ ಊರಿನಲ್ಲಿ ಅಲ್ಬೇನಿಯನ್ ಮಾತಾಡುವವರೇ ಹೆಚ್ಚು, ಮಸೀದಿಗಳಿವೆ, ಊಟದ ರುಚಿಯೂ ಬೇರೆ.

ಬೆಟ್ಟದ ಕಡೆ ಏನಿದೆ? ಟ್ರೆಕಿಂಗ್ ಬಾರದವರು ಏನು ಮಾಡಬೇಕು?

ಝಬ್ಲ್ಯಾಕ್ 1,456 ಮೀಟರ್ ಎತ್ತರದ ಸಣ್ಣ ಊರು. ಅಲ್ಲಿಂದ ಮೂರು ಕಿ.ಮೀ ದೂರದಲ್ಲಿ ಕಪ್ಪು ಕೆರೆ, ಅವರ ಮಾತಿನಲ್ಲಿ ತ್ಸ್ರ್ನೊ ಯೆಜೆರೊ. ಸುತ್ತ ದಟ್ಟ ಕಾಡು, ಹಿಂದೆ ಬೋಳು ಬಂಡೆಯ ಬೆಟ್ಟ. ಕೆರೆ ಸುತ್ತ ನಡೆಯಲು ಒಂದು ಒಂದೂವರೆ ಗಂಟೆ ಸಾಕು, ಅಪ್ಪ ಆರಾಮಾಗಿ ನಡೆದರು. ದುರ್ಮಿಟೋರ್‌ನಲ್ಲಿ ಇಂಥ 18 ಕೆರೆಗಳಿವೆ. ಊರಿನವರು ಅವನ್ನು ಬೆಟ್ಟದ ಕಣ್ಣುಗಳು ಅನ್ನುತ್ತಾರೆ. ಕಾಲಲ್ಲಿ ಕಸುವಿದ್ದವರು 2,523 ಮೀಟರ್‌ನ ಬೋಬೊಟೊವ್ ಕುಕ್ ಶಿಖರ ಹತ್ತಬಹುದು, ಆದರೆ ಅದು ಇಡೀ ದಿನದ ಕೆಲಸ. ಮಧ್ಯಾಹ್ನ ಗುಡುಗು ಬರುವುದುಂಟು, ಬೇಗ ಹೊರಡಿ.

ತಾರಾ ನದಿಯ ಕಮರಿ ಕೆಲವು ಕಡೆ 1,300 ಮೀಟರ್ ಆಳ. ಯುರೋಪಿನಲ್ಲಿ ಇಷ್ಟು ಆಳದ್ದು ಬೇರೆ ಇಲ್ಲ ಎನ್ನುತ್ತಾರೆ. ರ‍್ಯಾಫ್ಟಿಂಗ್‌ಗೆ ಮೇ ತಿಂಗಳಲ್ಲಿ ನೀರು ಜೋರು, ಹೊಸಬರಿಗೆ ಜುಲೈ ನಂತರ ವಾಸಿ.

ಕಮರಿಯ ಮೇಲೆ ಜುರ್ಜೆವಿಚಾ ತಾರಾ ಸೇತುವೆ ಇದೆ. ಐದು ಕಮಾನು, 365 ಮೀಟರ್ ಉದ್ದ, ನದಿಯಿಂದ 172 ಮೀಟರ್ ಎತ್ತರ. 1940ರಲ್ಲಿ ಕಟ್ಟಿ ಮುಗಿಸಿದರು. ಎರಡೇ ವರ್ಷಕ್ಕೆ, ಎರಡನೇ ಮಹಾಯುದ್ಧದಲ್ಲಿ ಇಟಲಿಯ ಸೈನ್ಯ ದಾಟದಿರಲಿ ಅಂತ ಗೆರಿಲ್ಲಾಗಳು ಒಂದು ಕಮಾನು ಸ್ಫೋಟಿಸಿದರು. ಎಲ್ಲಿಗೆ ಮದ್ದು ಇಟ್ಟರೆ ಉಳಿದ ಸೇತುವೆ ಬೀಳುವುದಿಲ್ಲ ಅಂತ ತೋರಿಸಿಕೊಟ್ಟವರು ಅದನ್ನು ಕಟ್ಟಿದ ಎಂಜಿನಿಯರುಗಳಲ್ಲೇ ಒಬ್ಬರಾದ ಲಾಜರ್ ಯೌಕೊವಿಚ್. ಸಿಕ್ಕಿಬಿದ್ದ ಅವರನ್ನು ಕೊಂದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಆ ಕಮಾನನ್ನು ಮತ್ತೆ ಕಟ್ಟಿದರು. ಸೇತುವೆಯ ಬಳಿ ಅವರ ನೆನಪಿನ ಕಲ್ಲಿದೆ. ಜಿಪ್‌ಲೈನ್‌ಗೆ ಬಂದವರೆಲ್ಲ ಅದರ ಮುಂದೆಯೇ ಹಾದು ಹೋಗುತ್ತಾರೆ. ಒಂದು ನಿಮಿಷ ನಿಂತು ಹೋಗಿ.

ನಾವು ಸಸ್ಯಾಹಾರಿಗಳು. ಊಟಕ್ಕೇನು ಗತಿ?

ಹೆದರಬೇಡಿ, ಆದರೆ ನಾಲ್ಕು ಮಾತು ಕಲಿತುಕೊಳ್ಳಿ. 'ಬೆಜ್ ಮೇಸಾ' ಅಂದರೆ ಮಾಂಸ ಬೇಡ. 'ಬೆಜ್ ರಿಬೆ' ಅಂದರೆ ಮೀನು ಬೇಡ. 'ಬೆಜ್ ಯಾಯಾ' ಅಂದರೆ ಮೊಟ್ಟೆ ಬೇಡ. ನಾಲ್ಕನೆಯದು 'ಪೋಸ್ನೊ'. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಮತ್ತು ಹಬ್ಬದ ಮುಂಚೆ ಉಪವಾಸ ಇರುತ್ತದೆ. ಆಗ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಆ ಅಡುಗೆಗೆ ಪೋಸ್ನೊ ಅನ್ನುತ್ತಾರೆ. ನೀವು ಪೋಸ್ನೊ ಅಂದರೆ ಅಡುಗೆಯವರಿಗೆ ತಕ್ಷಣ ಅರ್ಥವಾಗುತ್ತದೆ. ಆದರೆ ಎಷ್ಟೋ ಸಲ ಅದರಲ್ಲಿ ಮೀನು ಇರುತ್ತದೆ. ಹಾಗಾಗಿ ಜೊತೆಗೆ 'ಬೆಜ್ ರಿಬೆ' ಹೇಳಲೇಬೇಕು. ತರಕಾರಿ ಸೂಪಿಗೂ ಬೀನ್ಸ್ ಪಲ್ಯಕ್ಕೂ ಮಾಂಸದ ರಸ ಹಾಕಿರಬಹುದು, ಕೇಳಿ ತಿನ್ನಿ.

ಬೆಳಿಗ್ಗೆ ಬೇಕರಿಯಲ್ಲಿ ಚೀಸ್ ತುಂಬಿದ ಬುರೆಕ್, ಅಂದರೆ ಪಫ್‌ನಂಥ ತಿಂಡಿ, ಸಿಗುತ್ತದೆ. ಪ್ರಿಗಾನಿತ್ಸೆ ಅಂತ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ ಇದೆ, ನೋಡಲು ಥೇಟ್ ನಮ್ಮ ಗೋಳಿಬಜೆ. ಅವರು ಜೇನುತುಪ್ಪದಲ್ಲಿ ಅದ್ದಿ ತಿನ್ನುತ್ತಾರೆ. ಸುಟ್ಟ ಕೆಂಪು ದಪ್ಪಮೆಣಸಿನಕಾಯಿಯ ಚಟ್ನಿ ಅಯ್ವಾರ್ ಇದ್ದರೆ ಬ್ರೆಡ್ಡಿಗೆ ಬೇರೇನೂ ಬೇಡ. ಮೊಸರು ಬೇಕಾದವರು ಅಂಗಡಿಯಲ್ಲಿ 'ಕಿಸೆಲೊ ಮ್ಲಿಯೆಕೊ' ಕೇಳಿ. ಗಟ್ಟಿ, ಹುಳಿ ಮೊಸರು. 'ಯೋಗುರ್ಟ್' ಅಂತ ಬರೆದಿರುವುದು ಕುಡಿಯುವಂಥದ್ದು.

ಬೆಟ್ಟದ ಊರಿನಲ್ಲಿ ಕಚಾಮಾಕ್ ತಿನ್ನದೆ ಬರಬೇಡಿ. ಝಬ್ಲ್ಯಾಕ್‌ನಲ್ಲಿ ನಾವಿದ್ದ ಮನೆಯ ಅಜ್ಜಿ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದೆವು. ಆಲೂಗಡ್ಡೆ ಬೇಯುವಾಗ ಮೇಲೆ ಮೆಕ್ಕೆಜೋಳದ ಹಿಟ್ಟು ಸುರಿದರು. ನಡುವೆ ಕೋಲಿನಿಂದ ತೂತು ಮಾಡಿ ಹಾಗೇ ಕುದಿಯಲು ಬಿಟ್ಟರು. ಆಮೇಲೆ ಪಾತ್ರೆಯನ್ನು ನೆಲಕ್ಕಿಟ್ಟು, ಎರಡು ಕಾಲಿನ ನಡುವೆ ಒತ್ತಿ ಹಿಡಿದು, ದಪ್ಪ ಮರದ ಕೋಲಿನಿಂದ ಗಂಟಿಲ್ಲದ ಹಾಗೆ ಜಜ್ಜಿ ತಿರುವಿದರು. ಮಂಡ್ಯ ಕಡೆಯ ಅಮ್ಮನಿಗೆ ವಿವರಣೆಯೇ ಬೇಕಾಗಲಿಲ್ಲ. 'ಇದು ಮುದ್ದೆ ಕಣೋ' ಅಂದವರೇ ಕೋಲಿಗೆ ಕೈ ಚಾಚಿದರು. ಅಜ್ಜಿ ಕೊಟ್ಟೂ ಬಿಟ್ಟರು. ಸಾರಿನ ಬದಲು ಇದಕ್ಕೆ ಕಾಯ್ಮಾಕ್, ಅಂದರೆ ಉಪ್ಪು ಹಾಕಿ ಹುಳಿ ಬರಿಸಿದ ಹಾಲಿನ ಕೆನೆ.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತಗೊಂಡರೆ ಅರ್ಧ ಚಿಂತೆ ಮುಗಿಯಿತು. ಕೋಟರ್ ಕೋಟೆ ಗೋಡೆಯ ಹೊರಗೇ ಬೆಳಗಿನ ಸಂತೆ ಕೂರುತ್ತದೆ. ಟೊಮೆಟೊ, ಅಂಜೂರ, ಚೀಸ್ ಎಲ್ಲ ಸಿಗುತ್ತದೆ.

ಮಂಡಿನೋವಿನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಖಂಡಿತ. ಕೋಟರ್ ಕೋಟೆ, ಲೋವ್‌ಚೆನ್ ಮೇಲಿನ ಕವಿ-ದೊರೆ ನ್ಯೆಗೋಶ್ ಸಮಾಧಿಯ 461 ಮೆಟ್ಟಿಲು, ಇವೆರಡನ್ನು ಬಿಡಿ. ಬದಲಿಗೆ ವಿರ್ಪಜಾರ್ ಎಂಬ ಊರಿನಿಂದ ಸ್ಕಾದರ್ ಸರೋವರದಲ್ಲಿ ದೋಣಿ ಹತ್ತಿ. ಬಾಲ್ಕನ್ ಪ್ರದೇಶದ ಅತಿ ದೊಡ್ಡ ಸರೋವರ ಅದು. ಬೇಸಿಗೆಯಲ್ಲಿ ನೀರು ಕಾಣದಷ್ಟು ತಾವರೆಜಾತಿಯ ಎಲೆ, ಹೂವು. ಅದೃಷ್ಟ ಇದ್ದರೆ ಗುಂಗುರು ಜುಟ್ಟಿನ ಹೆಜ್ಜಾರ್ಲೆ ಕಾಣುತ್ತದೆ, ಕೊಕ್ಕರೆ ಬೆಳ್ಳೂರಿನವುಗಳ ದೂರದ ಬಳಗ.

ಓಸ್ಟ್ರೋಗ್ ಮಠಕ್ಕೂ ಹೋಗಿ. ಕಡಿದಾದ ಬಂಡೆಯ ಹೊಟ್ಟೆಯಲ್ಲಿ ಬೆಳ್ಳಗೆ ಅಂಟಿಕೊಂಡಿದೆ. ಹದಿನೇಳನೇ ಶತಮಾನದ್ದು, ಕಾರು ಹತ್ತಿರದವರೆಗೂ ಹೋಗುತ್ತದೆ. ಕೆಳಗಿನ ಮಠದಿಂದ ಬರಿಗಾಲಲ್ಲಿ ನಡೆದು ಬರುವ ಭಕ್ತರು ಸಿಗುತ್ತಾರೆ. ರಾತ್ರಿ ಅಂಗಳದಲ್ಲೇ ಚಾಪೆ ಹಾಸಿ ಮಲಗುವವರೂ ಇದ್ದಾರೆ. ಧರ್ಮಸ್ಥಳದ ಪಾದಯಾತ್ರೆ ನೋಡಿದ ಅಪ್ಪ ಅಮ್ಮನಿಗೆ ಅಲ್ಲಿ ಹೊಸತೆನ್ನುವುದು ಏನೂ ಕಾಣಲಿಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ಹಣ, ಫೋನ್, ಭಾಷೆ?

ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲದಿದ್ದರೂ ನಡೆಯುವುದು ಯೂರೊ. ಬೆಟ್ಟದ ಕಡೆ ನೋಟು, ಚಿಲ್ಲರೆ ಕೈಲಿರಲಿ. ಏರ್‌ಪೋರ್ಟ್‌ನಲ್ಲೇ ಟೂರಿಸ್ಟ್ ಸಿಮ್ ಸಿಗುತ್ತದೆ. ಕರಾವಳಿಯ ಹುಡುಗರಿಗೆ ಇಂಗ್ಲಿಷ್ ಬರುತ್ತದೆ. 'ದೋಬರ್ ದಾನ್' ನಮಸ್ಕಾರ, 'ಹ್ವಾಲಾ' ಧನ್ಯವಾದ. ತುರ್ತು ಇದ್ದರೆ 112.

'ಬಿಳಿ ಚೀಟಿ' ಅಂದರೇನು?

ವಿದೇಶಿಯರು ಎಲ್ಲಿ ಉಳಿದಿದ್ದಾರೆ ಎನ್ನುವುದನ್ನು 24 ಗಂಟೆಯೊಳಗೆ ನೋಂದಾಯಿಸಬೇಕು. ಹಾಗೆ ನೋಂದಾಯಿಸಿದ್ದಕ್ಕೆ ಕೊಡುವುದೇ ಈ ಬಿಳಿ ಚೀಟಿ. ಹೋಟೆಲಿನವರು ತಾವೇ ಮಾಡುತ್ತಾರೆ. ಮನೆ ಬಾಡಿಗೆಗೆ ಹಿಡಿದರೆ ಮಾಲೀಕರನ್ನು ಮೊದಲ ದಿನವೇ ಕೇಳಿ. ನಮಗೆ ಒಂದು ಕಡೆ 'ನಾಳೆ ಮಾಡ್ತೀನಿ' ಅಂತ ಮೂರು ದಿನ ತಳ್ಳಿದರು, ಕೊನೆಗೆ ನಾವೇ ಟೂರಿಸ್ಟ್ ಆಫೀಸಿಗೆ ಹೋಗಿ ತೆರಿಗೆ ಕಟ್ಟಿ ಮಾಡಿಸಿಕೊಂಡೆವು. ಆ ಚೀಟಿಯನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ.

ಒಂದೇ ದಿನ ಇದೆ. ಏನು ಮಾಡಲಿ?

ಎಲ್ಲವನ್ನೂ ಮುಟ್ಟಿ ಬರುವ ಟೂರ್ ಬಸ್ಸು ಹತ್ತಬೇಡಿ. ಸೀದಾ ಪೆರಾಸ್ಟ್‌ಗೆ ಹೋಗಿ. ಬೆಳಿಗ್ಗೆ ಮೊದಲ ದೋಣಿಯಲ್ಲಿ ದ್ವೀಪಕ್ಕೆ ಹೋಗಿ ಕಸೂತಿ ನೋಡಿ. ಬಂದು ದಡದ ಕಟ್ಟೆಯ ಮೇಲೆ ಕಾಫಿ ಹಿಡಿದು ಕೂತುಕೊಳ್ಳಿ, ಬಿಸಿಲೇರಿದಾಗ ನೀರಿಗೆ ಇಳಿಯಿರಿ. ಸಂಜೆ ಐದರ ನಂತರ, ಹಡಗಿನ ಜನ ಹೊರಟ ಮೇಲೆ, ಕೋಟರ್ ಗಲ್ಲಿಗಳಿಗೆ ಹೋಗಿ. ಅಷ್ಟು ಹೊತ್ತಿಗೆ ಮೆಟ್ಟಿಲುಗಳ ಮೇಲೆ ಅಲ್ಲಿನ ಬೆಕ್ಕುಗಳು ಬಂದು ಮಲಗಿರುತ್ತವೆ.